ಕಾರಿನ ಸಂಗೀತ, ದೊಡ್ಡವ್ವನ ಸೂರು

ಹನಿ ನೀರಾವರಿ ಪೈಪು ಮಾರುವುದು ನನ್ನ ಕೆಲಸ. ಬೆಳಿಗ್ಗೆ ಇಂಡಿಯಲ್ಲಿದ್ದರೆ ಮಧ್ಯಾಹ್ನ ಸಿಂದಗಿ, ಮರುದಿನ ಮುದ್ದೇಬಿಹಾಳ ಇಲ್ಲವೇ ಬಾಗೇವಾಡಿ. ಜನರ ಜೊತೆ ಮಾತಾಡಿ ಮಾತಾಡಿ ತಲೆ ಚಿಟ್ಟುಹಿಡಿದಾಗ ಕಾರಿನಲ್ಲಿ ಒಂದು ಬಗೆಯ ಎಲೆಕ್ಟ್ರಾನಿಕ್ ಸಂಗೀತ ಹಚ್ಚುತ್ತೇನೆ. ಅದರಲ್ಲಿ ಮಾತಿಲ್ಲ, ಅವಸರವಿಲ್ಲ. ಒಂದು ಸ್ವರ ಉದ್ದಕ್ಕೂ ಹರಿಯುತ್ತಿರುತ್ತದೆ, ಅದರ ಕೆಳಗೆ ತಾಳ ಊಟ ಮುಗಿಸಿ ಅಡ್ಡಾಡುವವರ ಹಾಗೆ ಮೆಲ್ಲಗೆ ಹೆಜ್ಜೆ ಹಾಕುತ್ತದೆ. ಹೊರ್ತಿ ದಾಟುವಷ್ಟರಲ್ಲಿ ನನ್ನ ಬಿಗಿದ ಹೆಗಲು ಸಡಿಲಾಗಿರುತ್ತದೆ. ಜೊತೆಗೆ ಬರುವ ಫಿಟ್ಟರ್ ಮಾತ್ರ, "ಏನ್ರಿ ಸರ, ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಕುಂತಂಗ ಐತಲ್ರಿ ಇದು," ಎಂದು ಕಾಡುತ್ತಾನೆ. ಪಾಪ, ಅವನಿಗೆ ಕಿವಿ ಇಲ್ಲ ಎಂದು ನಾನು ಬೀಗುತ್ತಿದ್ದೆ.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಯಂಕಂಚಿಯಲ್ಲಿರುತ್ತಾಳೆ. ಅಮಾವಾಸ್ಯೆಯ ಭಜನೆಯಲ್ಲಿ ಅವಳು ಪದ ಎತ್ತಿಕೊಂಡರೆ ಕಟ್ಟೆಯ ಮೇಲೆ ಹರಟೆ ಹೊಡೆಯುವ ಗಂಡಸರೂ ಬಾಯಿ ಮುಚ್ಚುತ್ತಿದ್ದರು. ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಬೆಳೆಯಿತು. ತೆಗೆದರೆ ಧ್ವನಿ ಮೊದಲಿನಂತೆ ಬರುವ ಭರವಸೆ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಶನ್ನಿಗೆ ಅವಳನ್ನು ವಿಜಯಪುರಕ್ಕೆ ಕರೆದೊಯ್ದವನು ನಾನೇ.

ಸಿಂದಗಿಗೆ ಬಂದರೂ ಅವಳು ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡೇ ಕುಳಿತಿದ್ದಳು. ಅವಳ ಮನಸ್ಸು ಹಗುರಾಗಲಿ ಎಂದು ನನ್ನ ಸಂಗೀತ ಹಚ್ಚಿದೆ. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

"ಭಾಳ ಚೊಲೊ ಸೂರ ಐತಿ," ಎಂದು ಶ್ರುತಿಯನ್ನು ಮೆಚ್ಚಿದಳು.

ನನಗೆ ಹಿಗ್ಗೋ ಹಿಗ್ಗು. ಫಿಟ್ಟರನಿಗೆ ತಿಳಿಯದ್ದು ನಮ್ಮ ದೊಡ್ಡವ್ವನಿಗೆ ತಿಳಿಯಿತಲ್ಲ ಎಂದು ಸದ್ದು ಇನ್ನಷ್ಟು ಏರಿಸಿದೆ. ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡು ನನ್ನ ಮುಖ ನೋಡಿದಳು.

"ನೀರು ಬೇಕೇನ್ ದೊಡ್ಡವ್ವ?"

"ಬ್ಯಾಡಪಾ."

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಸಂಗೀತ ಬಂದ್ ಮಾಡಿದಾಗ, "ಮುಗೀತೇನು?" ಎಂದು ಕೇಳಿದಳು. "ಮುಗೀತು, ಇಳಿ," ಎಂದೆ.

ಗಡ್ಡೆ ಹೋಯಿತು, ಜೀವ ಉಳಿಯಿತು. ಧ್ವನಿ ಮಾತ್ರ ಪಿಸುಮಾತಿಗೆ ನಿಂತುಬಿಟ್ಟಿತು. ಮೊನ್ನೆ ಯಂಕಂಚಿಗೆ ಹೋದಾಗ ದೊಡ್ಡವ್ವ ನನ್ನನ್ನು ಹತ್ತಿರ ಕೂರಿಸಿಕೊಂಡು ಪಿಸುಗುಟ್ಟಿದಳು: "ಅವತ್ತ ಕಾರಿನ್ಯಾಗ ಪೇಟಿ ಹಿಡದಾಂವ ಯಾರಪಾ? ಭಾಳ ತಾಳ್ಮಿ ಅಂವಂದು. ದವಾಖಾನಿ ತನಾ ಸೂರ ಬಿಡಲಿಲ್ಲ. ನೀ 'ಹಾಡು' ಅಂತೀ ಅಂತ ನಾ ಹಾದಿ ಕಾದೆ."

ನಮ್ಮ ಕಡೆಯ ಭಜನೆಯಲ್ಲಿ ಮೊದಲು ಒಬ್ಬರು ಪೇಟಿಯ, ಎಂದರೆ ಹಾರ್ಮೋನಿಯಂನ, ಸೂರು ಹಿಡಿಯುತ್ತಾರೆ. ಕುಳಿತವರಲ್ಲಿ ಯಾರಾದರೂ "ಹಾಡವ್ವಾ" ಎನ್ನಬೇಕು. ಅಲ್ಲಿಯವರೆಗೆ ಹಾಡುವವರು ಬಾಯಿ ತೆರೆಯುವುದಿಲ್ಲ, ತಾನಾಗಿ ಶುರುಮಾಡಿದರೆ ದೊಡ್ಡಸ್ತಿಕೆ ಎನಿಸಿಕೊಳ್ಳುತ್ತದೆ. ನನ್ನ ಇಡೀ ಸಂಗೀತ ಅವಳ ಕಿವಿಗೆ ಹಾಡಿನ ಮುಂಚಿನ ಸೂರು. ಧ್ವನಿ ಹೋಗುವ ಮೊದಲು ಒಂದು ಸಲ ಹಾಡಲಿ ಎಂದೇ ನಾನು ಅದನ್ನು ಹಚ್ಚಿದ್ದೇನೆ ಎಂದುಕೊಂಡಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರೆ, ಇಲ್ಲಿ ಬಾರಿಸುತ್ತಿದ್ದವನೇ ಕೋಣ. 'ಹಾಡು' ಎಂಬ ಎರಡಕ್ಷರದ ಒಂದು ಮಾತು ನನ್ನ ಬಾಯಿಂದ ಬರಲಿಲ್ಲವಲ್ಲ.

"ಯಾವ ಪದಾ ಹಾಡಾಕಿದ್ದಿ ದೊಡ್ಡವ್ವ?" ಎಂದು ಕೇಳಿದೆ.

ಅವಳು ಬೇಡವೆಂಬಂತೆ ಕೈ ಆಡಿಸಿದಳು. "ಈಗ ಹೇಳಿದ್ರ ಏನ್ ಬಂತೋ? ಅದನ್ನ ಹಾಡಬೇಕು."