ಹಸಿರು ನೆಲದ ವರ್ಷ

ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ ಎಂದರೆ ಸಾಕು, ಕೇಳಿದವರ ಮುಖ ಅರಳುತ್ತದೆ. ಎಷ್ಟು ಕಪ್ ಗೆದ್ದಿರಿ, ಯೂನಿವರ್ಸಿಟಿಗೆ ಆಡಿದ್ದೀರಾ ಎಂದು ಶುರುಮಾಡುತ್ತಾರೆ. ಒಂದೂ ಗೆದ್ದಿಲ್ಲ. ಕೊನೆಯ ವರ್ಷವಂತೂ ಒಂದು ಮ್ಯಾಚನ್ನೂ ಗೆಲ್ಲಲಿಲ್ಲ. ಇಷ್ಟು ಹೇಳಿದ ಮೇಲೆ ಅವರು ಮಾತು ಬದಲಾಯಿಸುತ್ತಾರೆ, ನನಗೂ ಅಲ್ಲಿಗೆ ಸಾಕೆನಿಸುತ್ತದೆ. ಆ ವರ್ಷವನ್ನು ನೆನೆದರೆ ಈಗಲೂ ನನಗೆ ದುಃಖಕ್ಕಿಂತ ಹೆಚ್ಚಾಗಿ ಸುಸ್ತು.

ನಮ್ಮ ಕಾಲೇಜು ಟಿನ್ ಫ್ಯಾಕ್ಟರಿ ದಾಟಿ ಮಹದೇವಪುರದ ಕಡೆ ಇತ್ತು. ಹಿಂದೆ ಊರಿನ ಮಳೆನೀರು ಹರಿಯುವ ರಾಜಕಾಲುವೆ. ಮಳೆ ಜೋರಾದರೆ ಕಾಲುವೆಯ ನೀರು ಕಾಂಪೌಂಡಿನೊಳಗೆ ಬಂದು ನೇರವಾಗಿ ನಮ್ಮ ಕೋರ್ಟಿನಲ್ಲಿ ಕೂರುತ್ತಿತ್ತು, ಅದೇ ಎಲ್ಲಕ್ಕಿಂತ ತಗ್ಗು ಜಾಗ. ನನ್ನ ಕೊನೆಯ ವರ್ಷ ಶುರುವಾಗುವ ಮುನ್ನ ರಜೆಯಲ್ಲಿ ಬಂದ ಮಳೆಗೆ ಕೋರ್ಟು ಕೆರೆಯಾಯಿತು. ನೀರು ಇಳಿದ ಮೇಲೆ ಆಡಳಿತ ಮಂಡಳಿಯವರು ಅಪರೂಪಕ್ಕೆ ಕೈ ಬಿಚ್ಚಿ ಹಳೆಯ ನೆಲದ ಮೇಲೆ ಹೊಸ ಕಾಂಕ್ರೀಟು ಸುರಿಸಿ, ಹಸಿರು ಬಣ್ಣ ಬಳಿಸಿ, ಬಿಳಿ ಗೆರೆ ಎಳೆಸಿದರು. ನಾವು ರಜೆ ಮುಗಿಸಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಉದ್ಘಾಟನೆಗೆ ಪೂಜೆಯಾಯಿತು, ಬೂದುಗುಂಬಳಕಾಯಿ ಒಡೆದರು. ಕುಂಕುಮದ ಕಲೆ ಫ್ರೀ ಥ್ರೋ ಗೆರೆಯ ಪಕ್ಕ ತಿಂಗಳುಗಟ್ಟಲೆ ಉಳಿದಿತ್ತು. ರಿಂಗಿನ ಕಂಬಗಳ ಬುಡದಲ್ಲಿ ಮೊದಲಿದ್ದ ಎಡವಟ್ಟು ಕಟ್ಟೆಗಳೂ ಕಾಣಿಸದಂತಾಗಿ ನೆಲ ಗೋಡೆಯಿಂದ ಗೋಡೆಗೆ ಸಪಾಟಾಗಿತ್ತು. ಕಂಟ್ರಾಕ್ಟರ್ ಎಷ್ಟು ನೀಟಾಗಿ ಮಾಡಿದ್ದಾನೆ ಎಂದು ಎಲ್ಲರೂ ಹೊಗಳಿದೆವು. ಪ್ರಾಂಶುಪಾಲರು ಮೈಕು ಹಿಡಿದು, ಇಷ್ಟು ಒಳ್ಳೆಯ ನೆಲ ಕೊಟ್ಟಿದ್ದೇವೆ, ಈ ಸಲ ಹೆಣ್ಣುಮಕ್ಕಳ ಟೀಮು ಕೊನೆಯ ಎಂಟರಲ್ಲಾದರೂ ಇರಬೇಕು ಎಂದರು. ಆಮೇಲೆ ನಗುತ್ತಲೇ, "ಇಲ್ಲಾಂದ್ರೆ ಮುಂದಿನ ವರ್ಷ ಕೋಚ್ ವಿಷಯ ಯೋಚನೆ ಮಾಡ್ಬೇಕಾಗತ್ತೆ" ಎಂದು ಸೇರಿಸಿದರು. ಜನ ಚಪ್ಪಾಳೆ ತಟ್ಟಿದರು. ಕೋಚ್ ಕೂಡ ತಟ್ಟಿದರು.

ಕೋಚ್ ಹಲಸೂರಿನವರು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಹರೆಯದಲ್ಲಿ ಒಂದು ಕಾರ್ಖಾನೆಯ ಟೀಮಿಗೆ ಆಡಿದವರು. ಕಾರ್ಖಾನೆ ಟೀಮು ಮುಚ್ಚಿ, ನಿವೃತ್ತಿಯೂ ಆಗಿ, ವರ್ಷ ವರ್ಷಕ್ಕೆ ನವೀಕರಿಸುವ ಕರಾರಿನ ಮೇಲೆ ನಮ್ಮಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು. ಬೆಳಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವುದು, ನಡುವೆ ನಾವು, ಅದಷ್ಟೇ ಅವರ ದಿನ. ಈ ಕೆಲಸ ಹೋದರೆ ಅವರು ಬೆಳಗಾಗೆದ್ದು ಎಲ್ಲಿಗೆ ಹೋಗುತ್ತಾರೆ ಎಂಬುದು ನಮಗೆಲ್ಲ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಮಾತು.

ಅವರದೊಂದು ನಿಯಮವಿತ್ತು. ತಪ್ಪಿದ ಬಾಲಿನ ಮೇಲೆ ಯಾರೂ ಕೋರ್ಟು ಬಿಟ್ಟು ಹೋಗುವಂತಿಲ್ಲ. ಮನೆಗೆ ಹೊರಡುವ ಮುಂಚಿನ ಕೊನೆಯ ಎಸೆತ ರಿಂಗಿನೊಳಗೇ ಬೀಳಬೇಕು. "ಹಾಕ್ಬಿಟ್ಟು ಹೋಗಮ್ಮಾ" ಎನ್ನುತ್ತಿದ್ದರು. ಬಿದ್ದಿಲ್ಲವೆಂದರೆ ಬೀಳುವ ತನಕ ಎಸೆಯಬೇಕು, ಬಸ್ಸು ಹೋದರೆ ಹೋಗಲಿ. ನಿಯಮ ಅವರಿಗೂ ಇತ್ತು. ನಮ್ಮದೆಲ್ಲ ಮುಗಿದ ಮೇಲೆ ಚೀಲ ಹೆಗಲಿಗೇರಿಸಿ, ಫ್ರೀ ಥ್ರೋ ಗೆರೆಯಲ್ಲಿ ನಿಂತು, ಒಂದೇ ಕೈಯಲ್ಲಿ ಬಾಲನ್ನು ತೂರಿಬಿಟ್ಟು ತಿರುಗಿ ನಡೆಯುತ್ತಿದ್ದರು. ಬಿತ್ತೋ ಇಲ್ಲವೋ ಎಂದು ನೋಡುತ್ತಿರಲಿಲ್ಲ. ನೆಟ್ಟಿನ ಸದ್ದು ಬೆನ್ನ ಹಿಂದೆ ಕೇಳುತ್ತಿತ್ತು. ಎರಡು ವರ್ಷ ನಾನು ದಿನಾ ನೋಡಿದ್ದೆ, ಅದು ತಪ್ಪಿದ್ದನ್ನು ಕಂಡಿರಲಿಲ್ಲ.

ಹೊಸ ನೆಲದ ಮೇಲೆ ಮೊದಲ ವಾರವೇ ನಮಗೆ ರೆಕ್ಕೆ ಬಂತು. ನಮ್ಮ ಕ್ಯಾಪ್ಟನ್ ಶಿವಾಜಿನಗರದವಳು, ಮಾತಿನಲ್ಲಿ ಅರ್ಧ ದಖ್ನಿ, ಅರ್ಧ ಕನ್ನಡ. ಅವಳು ಹಾರಿ ನೆಟ್ಟು ಮುಟ್ಟಿದಳು. ಎರಡು ವರ್ಷದಿಂದ ಮುಟ್ಟಲು ಹೆಣಗುತ್ತಿದ್ದವಳು. "ಅರೆ, ದೇಖ್ ರೇ! ನಾನ್ ಎತ್ತರ ಆಗ್ಬಿಟ್ಟೆ!" ಎಂದು ಕೋರ್ಟಿನ ತುಂಬ ಕುಣಿದಳು. ನನ್ನ ಕೈಯೂ ತಾಗಿತು. ರಜೆಯಲ್ಲಿ ಮಾಡಿದ ಕಸರತ್ತು ಫಲ ಕೊಟ್ಟಿತು ಎಂದುಕೊಂಡೆವು. ಬಾಲುಗಳು ಒಂದರ ಹಿಂದೆ ಒಂದು ಬೀಳತೊಡಗಿದವು.

ಕೋಚ್ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದರು. "ಫ್ಲ್ಯಾಟ್ ಆಗ್ತಿದೆ, ಎತ್ತರ ಹಾಕ್ರಮ್ಮಾ" ಎಂದರು. ಅವರು ಹೇಳಿದಂತೆ ಎತ್ತರ ಹಾಕಿದರೆ ಬಾಲು ರಿಂಗಿನ ಹಿಂದಿನ ಅಂಚಿಗೆ ಬಡಿದು ಆಚೆ ಹಾರುತ್ತಿತ್ತು. ನಮಗೆ ತೋಚಿದಂತೆ ಹಾಕಿದರೆ ಒಳಗೆ. ಅವರೇ ತೋರಿಸಲು ಎಸೆದರು. ಹಿಂದಿನ ಅಂಚು. ಮತ್ತೆ ಎಸೆದರು, ಮತ್ತೆ ಹಿಂದಿನ ಅಂಚು. ಆ ಸಂಜೆ ಅವರು ಚೀಲ ಹೆಗಲಿಗೇರಿಸಿ ತೂರಿ ತಿರುಗಿದಾಗ ನೆಟ್ಟಿನ ಸದ್ದಿನ ಬದಲು ಕಬ್ಬಿಣದ ಸದ್ದು ಬಂತು. ಅವರು ನಿಂತುಬಿಟ್ಟರು. ಚೀಲ ಕೆಳಗಿಟ್ಟು ಹಿಂತಿರುಗಿ ಬಂದರು.

ಒಂದೆರಡು ವಾರ ಹೀಗೇ ನಡೆಯಿತು. ಬೀಳುವ ತನಕ ಎಸೆದೇ ಹೋಗುತ್ತಿದ್ದರು, ಮುಖ ಸಣ್ಣಗೆ ಮಾಡಿಕೊಂಡು. ಆಮೇಲೆ ಒಂದು ದಿನ ಹೊಸ ಕನ್ನಡಕದೊಂದಿಗೆ ಬಂದರು. "ವಯಸ್ಸಾಯ್ತಮ್ಮಾ, ಕಣ್ಣು ಮೋಸ ಮಾಡ್ತಿದೆ" ಎಂದರು. ಕನ್ನಡಕದಿಂದಲೂ ಏನೂ ಆಗಲಿಲ್ಲ. ಕೊನೆಗೆ ಎಸೆಯುವುದನ್ನೇ ಬಿಟ್ಟರು. ನಮ್ಮ ಸರದಿ ಮುಗಿದ ಮೇಲೆ ಸುಮ್ಮನೆ ಚೀಲ ತೆಗೆದುಕೊಂಡು ಹೋಗಿಬಿಡುತ್ತಿದ್ದರು. ಎತ್ತರ ಹಾಕಿ ಎಂದು ಹೇಳುವುದನ್ನೂ ಬಿಟ್ಟರು. "ನಿಮ್ ಕೈಗೆ ಹೆಂಗ್ ಬರತ್ತೋ ಹಂಗೇ ಹಾಕಿ, ಬೀಳ್ತಿದ್ಯಲ್ಲ" ಎಂದರು. ಅಂಥ ಮನುಷ್ಯ ಹೀಗೆ ಮೆತ್ತಗಾದದ್ದು ಕಂಡು ನನಗೆ ಕೆಡುಕೆನಿಸಿತು. ಆದರೂ ಈ ಸಲ ಗೆದ್ದು ಕೊಟ್ಟರೆ ಕರಾರು ಉಳಿಯುತ್ತದೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಮೊದಲ ಮ್ಯಾಚು ಫ್ರೇಜರ್ ಟೌನಿನ ಒಂದು ಕಾಲೇಜಿನಲ್ಲಿ. ನಮ್ಮಲ್ಲಿ ಗ್ಯಾಲರಿ ಇಲ್ಲವೆಂದು ನಮ್ಮ ಕೋರ್ಟಿಗೆ ಯಾವ ಮ್ಯಾಚೂ ಬರುತ್ತಿರಲಿಲ್ಲ. ನಾವೇ ಊರೆಲ್ಲ ಸುತ್ತಬೇಕಿತ್ತು. ಆ ದಿನ ನಾವು ಎಸೆದದ್ದೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿಯಿತು. ಮೊದಲ ಮ್ಯಾಚಿನ ಭಯ ಎಂದರು ಕೋಚ್. ಎರಡನೆಯದರಲ್ಲೂ ಮುಂದಿನ ಅಂಚು. ಬಸ್ಸಿನ ಸುಸ್ತು ಎಂದುಕೊಂಡೆವು. ಆ ಸುಸ್ತೇನೂ ಸುಳ್ಳಲ್ಲ. ಮೆಟ್ರೋ ಬಂದರೂ ಟಿನ್ ಫ್ಯಾಕ್ಟರಿಯ ಗದ್ದಲ ಒಂದಿಷ್ಟೂ ಇಳಿದಿರಲಿಲ್ಲ. ಶಿವಾಜಿನಗರದಿಂದ ಕಾಲೇಜಿಗೆ ಬರುವಷ್ಟರಲ್ಲಿ ಕ್ಯಾಪ್ಟನ್ ಅರ್ಧ ಜೀವವಾಗಿರುತ್ತಿದ್ದಳು.

ಸೋತವರು ಇನ್ನೇನು ಮಾಡುತ್ತಾರೆ? ಪ್ರಾಕ್ಟೀಸು ಹೆಚ್ಚಿಸಿದೆವು. ಬೆಳಗಿನ ಜಾವ ಒಂದು ಸರದಿ, ಸಂಜೆ ಒಂದು ಸರದಿ. ನಮ್ಮ ಹಸಿರು ನೆಲದಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಹೊರಗೆ ಹೋದರೆ ಒಂದೂ ಬೀಳುತ್ತಿರಲಿಲ್ಲ. ಪ್ರಾಕ್ಟೀಸು ಹೆಚ್ಚಿದಷ್ಟೂ ಹೊರಗಿನ ಆಟ ಕೆಡುತ್ತಿತ್ತು. ಬೇರೆ ಕಾಲೇಜಿನ ಹುಡುಗಿಯರು ನಾವು ಬಾಲು ಎತ್ತಿದರೆ ಅಡ್ಡ ಬರುವುದನ್ನೇ ಬಿಟ್ಟರು. ಹಾಕಿಕೊಳ್ಳಲಿ ಪಾಪ ಎಂಬಂತೆ ನಿಂತು ನೋಡುತ್ತಿದ್ದರು. ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಕ್ಯಾಪ್ಟನ್ ಒಮ್ಮೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, "ನಮ್ದು ಬರೀ ಮನೇಲಿ ಹುಲಿ ಗುರು" ಎಂದಳು.

ನಮ್ಮ ಮನೆ ರಾಮಮೂರ್ತಿ ನಗರದಲ್ಲಿತ್ತು. ಅಪ್ಪ ಅಮ್ಮ ಗದಗದ ಕಡೆಯಿಂದ ಬಂದವರು. ಪ್ರತಿ ಸಲ ರಸ್ತೆಗೆ ಡಾಂಬರು ಹಾಕಿದಾಗಲೂ ಹಳೆಯದನ್ನು ಕೀಳದೆ ಅದರ ಮೇಲೇ ಸುರಿದು, ನಮ್ಮ ಬಾಡಿಗೆ ಮನೆ ರಸ್ತೆಗಿಂತ ಒಂದು ಮೆಟ್ಟಿಲು ತಗ್ಗಿಗೆ ಇಳಿದಿತ್ತು. ಮಳೆ ನೀರು ಬರದಂತೆ ಅಮ್ಮ ಹೊಸ್ತಿಲಿಗೆ ಇಟ್ಟಿಗೆ ಕಟ್ಟಿಸಿದ್ದಳು. ನಾನು ಅದನ್ನು ದಾಟಿ ಒಳಗೆ ಇಳಿದರೆ, "ಇವತ್ತೂ ಸೋತ ಬಂದೇನವಾ? ಹೋಗ್ಲಿ ಬಿಡ, ರೊಟ್ಟಿ ತಿನ್ನು" ಎನ್ನುತ್ತಿದ್ದಳು. ತಟ್ಟೆಯ ಮುಂದೆಯೇ ಎಷ್ಟೋ ದಿನ ತೂಕಡಿಸಿದ್ದೇನೆ.

ಕೊನೆಯ ಮ್ಯಾಚು ಇಂದಿರಾನಗರದಲ್ಲಿ. ಕೊನೆಯ ಎಂಟರ ಆಸೆ ಆಗಲೇ ಹೋಗಿತ್ತು, ಅದೊಂದನ್ನಾದರೂ ಗೆದ್ದರೆ ಕೋಚ್ ಕರಾರು ಉಳಿದೀತೆಂಬ ಸಣ್ಣ ಆಸೆಯಿತ್ತು. ಸೋತೆವು. ಕೋಚ್ ಸ್ಕೋರ್ ಬೋರ್ಡಿನ ಕಡೆ ತಿರುಗಿಯೂ ನೋಡದೆ ನಮಗೆಲ್ಲ ಕೈಕುಲುಕಿದರು. "ಚೆನ್ನಾಗಿ ಓದಿ" ಎಂದು ಹೇಳಿ, ಕೊರಳಿನ ವಿಶಲ್ ತೆಗೆದು ಕ್ಯಾಪ್ಟನ್ ಕೈಗೆ ಕೊಟ್ಟು ಗೇಟಿನ ಕಡೆ ನಡೆದರು. ಅವಳು ವಿಶಲ್ ಹಿಡಿದು ಅಲ್ಲೇ ಕುಕ್ಕರಿಸಿ ಅತ್ತಳು.

ನಾನು ಕಂಬದ ಹತ್ತಿರ ಹೋಗಿ ಲೇಸು ಸಡಿಲಿಸಲು ಕಾಲೆತ್ತಿ ಇಟ್ಟೆ. ಕಂಬದ ಬುಡದಲ್ಲಿ ಸಿಮೆಂಟಿನ ಪುಟ್ಟ ಕಟ್ಟೆ, ಅದರ ಮೇಲೆ ಕಬ್ಬಿಣದ ತಟ್ಟೆ, ನಾಲ್ಕು ಬೋಲ್ಟು. ಲೇಸು ಕಟ್ಟಲು ಹೇಳಿ ಮಾಡಿಸಿದ ಜಾಗ. ನಮ್ಮಲ್ಲೂ ಹಿಂದೆ ಹೀಗೇ ಕಟ್ಟುತ್ತಿದ್ದೆನಲ್ಲ, ಈ ವರ್ಷ ಯಾಕೆ ಬೆಂಚಿಗೆ ಹೋಗಿ ಕಟ್ಟುತ್ತಿದ್ದೇನೆ ಎಂದು ಯೋಚನೆ ಬಂತು. ಕಾಲಿಡಲು ನಮ್ಮಲ್ಲಿ ಕಟ್ಟೆಯೇ ಇಲ್ಲ. ಅದನ್ನು ಯಾರೂ ಕಿತ್ತಿರಲಿಲ್ಲ. ಕಾಂಕ್ರೀಟಿನ ಕೆಳಗೆ ಹೂತುಹೋಗಿತ್ತು. ಕಂಬ ಇದ್ದಲ್ಲೇ ಇತ್ತು, ನೆಲ ಮೇಲೆ ಬಂದಿತ್ತು, ನಮ್ಮ ಮನೆಯ ಮುಂದಿನ ರಸ್ತೆ ಬಂದ ಹಾಗೆ.

ಮರುದಿನ ನಾನೂ ಕ್ಯಾಪ್ಟನ್ನೂ ಜೇಡ ಹೊಡೆಯುವ ಕೋಲಿಗೆ ಅಳತೆ ಟೇಪು ಕಟ್ಟಿ ರಿಂಗಿಗೆ ಹಿಡಿದೆವು. ಇರಬೇಕಾದ ಎತ್ತರಕ್ಕಿಂತ ಐದು ಬೆರಳಿನಷ್ಟು ಕಡಿಮೆ ಬಂತು. ಆಚೆಯ ರಿಂಗೂ ಅಷ್ಟೇ. ಇಡೀ ವರ್ಷ ನಾವು ಕುಳ್ಳು ರಿಂಗಿಗೆ ಕೈ ಪಳಗಿಸಿಕೊಂಡು, ಹೊರಗಿನ ಸರಿಯಾದ ಎತ್ತರದ ರಿಂಗಿಗೆ ತಗ್ಗಾಗಿ ಎಸೆದಿದ್ದೆವು. ಕ್ಯಾಪ್ಟನ್ ನೆಟ್ಟಿನ ಕಡೆ ನೋಡಿ, "ಹಾಗಾದ್ರೆ ನಾನ್ ಎತ್ತರ ಆಗಿಲ್ಲ" ಎಂದಳು.

ಪ್ರಾಂಶುಪಾಲರ ಕೋಣೆಗೆ ಓಡಿದೆವು. ಅವರು ತಾಳ್ಮೆಯಿಂದಲೇ ಕೇಳಿದರು. "ರಿಂಗ್ ಕೆಳಗಿದ್ರೆ ನಿಮ್ಗೆ ಸುಲಭ ಆಗ್ಬೇಕಲ್ಲಮ್ಮಾ? ಆದ್ರೂ ಸೋತ್ರಿ" ಎಂದರು. ಕೋಚ್ ಬದಲು ಬೇರೆಯವರನ್ನು ಆಗಲೇ ಗೊತ್ತುಮಾಡಿದ್ದೇವೆ ಎಂದರು. ಹೊಸ ನೆಲ ಅಗೆಯುವ ಮಾತೇ ಇಲ್ಲ ಎಂದೂ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಕ್ಯಾಪ್ಟನ್ ನನ್ನ ತೋಳು ಹಿಡಿದು ಹೊರಗೆ ಎಳೆದಳು.

ಆ ವಾರದಲ್ಲೇ ಒಂದು ಸಂಜೆ ಬಾಲು ಹಿಡಿದು ಹಲಸೂರಿಗೆ ಹೋದೆವು. ಕೋಚ್ ಮನೆಯ ಬೀದಿಯ ತುದಿಯಲ್ಲೇ ಪಾಲಿಕೆಯ ಮೈದಾನ, ಅಲ್ಲೊಂದು ಹಳೆಯ ಕೋರ್ಟು. ಅವರನ್ನು ಅಲ್ಲಿಗೇ ಕರೆತಂದು ಎಲ್ಲ ಹೇಳಿದೆವು. "ಸರ್, ನಿಮ್ ಕೈ ಸರಿಯಾಗೇ ಇದೆ. ರಿಂಗೇ ಕೆಳಗಿತ್ತು" ಎಂದೆ.

"ಸಮಾಧಾನ ಮಾಡೋಕ್ ಬಂದ್ರಾ?" ಎಂದರು. ಕ್ಯಾಪ್ಟನ್ ಬಾಲನ್ನು ಅವರ ಕೈಗಿಟ್ಟಳು.

ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿ, ಅಂಗೈ ಅಂಗಿಗೆ ಒರೆಸಿ, ಒಂದೇ ಕೈಯಲ್ಲಿ ತೂರಿದರು. ನೆಟ್ಟು ಸದ್ದು ಮಾಡಿತು. ಅವರು ನಗಲಿಲ್ಲ. ಮತ್ತೆ ಹಾಕಿದರು. ಮತ್ತೂ ಹಾಕಿದರು. ನಾನು ಬಾಲು ಹೆಕ್ಕಿ ಹೆಕ್ಕಿ ಕೊಡುತ್ತಿದ್ದೆ. ಒಂದೂ ತಪ್ಪಲಿಲ್ಲ.

"ಮೊದಲನೇ ವಾರಾನೇ ಹೇಳಿದ್ದೆ ಅಲ್ವಾಮ್ಮಾ, ಎತ್ತರ ಹಾಕಿ ಅಂತ?"

"ಹೇಳಿದ್ರಿ ಸರ್."

"ಮತ್ತೆ ನಾನ್ಯಾಕೆ ಹೇಳೋದ್ ಬಿಟ್ಬಿಟ್ಟೆ?"

ನಮ್ಮದು ಬೀಳುತ್ತಿತ್ತು, ಅವರದು ಬೀಳುತ್ತಿರಲಿಲ್ಲ, ಅಷ್ಟಕ್ಕೇ ಜೀವಮಾನದ ತಮ್ಮ ಕೈಯನ್ನು ನಂಬುವುದು ಬಿಟ್ಟಿದ್ದರು. ಈಗ ತಿಳಿದು ಪ್ರಯೋಜನವಿರಲಿಲ್ಲ.

ಅವರೇ ಬಾಲನ್ನು ನನ್ನ ಕಡೆ ಎಸೆದರು. "ಹಾಕು" ಎಂದರು. ಹಾಕಿದೆ. ಮುಂದಿನ ಅಂಚು. "ಎತ್ತರ" ಎಂದರು. ಮತ್ತೆ ಮುಂದಿನ ಅಂಚು. "ಮೊಣಕೈ ಎತ್ತಮ್ಮಾ, ಎತ್ತರ!" ಎಂದು ಹಳೆಯ ದನಿಯಲ್ಲಿ ಗದರಿದರು. ಕ್ಯಾಪ್ಟನ್ ಬೇಗ ಹಾಕಿ ಪಕ್ಕಕ್ಕೆ ನಿಂತಳು. ನನ್ನದು ಬೀಳಲೇ ಇಲ್ಲ. ತೋಳು ಸೋತುಹೋಯಿತು, ನಾಳೆ ಬರ್ತೀನಿ ಸರ್ ಎಂದೆ. ಕೆಲಸ ಹೋದ ಮನುಷ್ಯ, ಟೀಮು ಇಲ್ಲದ ಕೋಚ್, ರಿಂಗಿನ ಕೆಳಗೆ ನಿಂತು ಬಾಲನ್ನು ಮತ್ತೆ ನನಗೇ ಎಸೆದು, "ಹಾಕ್ಬಿಟ್ಟು ಹೋಗಮ್ಮಾ" ಎಂದರು.

ಕೊನೆಗೂ ಒಂದು ಬಿತ್ತು. ಆ ವರ್ಷ ಅವರು ಹೇಳಿದಂತೆ ನಾನು ಹಾಕಿದ ಬಾಲು ಅದೊಂದೇ. ಸೀಸನ್ ಆಗಲೇ ಮುಗಿದಿತ್ತು.