ತೆಳ್ಳಗಿನವರ ಕೊಬ್ಬು

ಶಿಕಾರಿಪುರದಿಂದ ಇಸಿಜಿ ಮೆಷಿನ್ ಹೊತ್ತುಕೊಂಡು ಆನವಟ್ಟಿಯ ಹೃದಯ ತಪಾಸಣೆ ಶಿಬಿರಕ್ಕೆ ಹೋಗಿದ್ದೆ. ಬಡಕಲು ದೇಹದ ರೈತರೊಬ್ಬರು ದಪ್ಪಗಿನ ಹೆಂಡತಿಯನ್ನು ಕರೆತಂದು, "ಇವಳನ್ನ ನೋಡ್ರೀ, ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾಳೆ" ಅಂದರು. "ಮೊದಲು ನೀವು ಮಲಗ್ರೀ" ಅಂತ ಆಕೆ ಪಟ್ಟು ಹಿಡಿದರು. ರೈತರು ಮಲಗಿದರು.

ಕಾಗದದ ಮೇಲೆ ಎದೆಬಡಿತದ ಗೆರೆ ಒಂದು ಹತ್ತಿರ, ಇನ್ನೊಂದು ದೂರ ಅಂತ ಅಡ್ಡಾದಿಡ್ಡಿ ಬಂತು. "ಬಡಿತ ತಾಳ ತಪ್ತಿದೆ" ಅಂದೆ.

"ತಾಳನಾ? ಊರ ಭಜನೆಗೆ ತಬಲಾ ಬಾರಿಸೋನು ನಾನು ಕಣ್ರೀ! ವೈರು ಇನ್ನೊಂದ್ಸಲ ಹಚ್ಚಿ" ಅಂದರು ರೈತರು.

ಹಚ್ಚಿದೆ. ಮತ್ತೆ ಅದೇ. ಶಿಬಿರದ ಡಾಕ್ಟರು ಎದೆಗೆ ಎಕೋ ಸ್ಕ್ಯಾನ್ ಮಾಡಿ ನೋಡಿದರು. "ಹೃದಯದ ಸುತ್ತ ಕೊಬ್ಬು ಕೂತಿದೆ. ಅಂಥವರಲ್ಲಿ ಬಡಿತ ಹೀಗೆ ಏರುಪೇರಾಗೋದು ಹೆಚ್ಚು. ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೀಬಹುದು. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗಿ" ಎಂದರು.

"ನನಗೆ ಕೊಬ್ಬಾ?" ರೈತರು ಅಂಗಿ ಎತ್ತಿ ಪಕ್ಕೆಲುಬು ತೋರಿಸಿದರು. "ಮೆಷಿನ್ನೇ ಕೆಟ್ಟಿದೆ. ಇವಳಿಗೆ ಮಾಡಿ ನೋಡಿ!"

ಮಾಡಿದೆ. ಆಕೆಯ ಗೆರೆ ಹದವಾಗಿ ಸಸಿ ನೆಟ್ಟ ಸಾಲಿನಂತೆ ಬಂತು. ಆಕೆ ಸೆರಗು ಸರಿಮಾಡಿಕೊಂಡು ಎದ್ದರು. "ನಂದು ಹೊರಗೆ ಕಾಣ್ತದೆ ಅಂತ ಇಷ್ಟು ವರ್ಷ ಆಡ್ಕೊಂಡ್ರಿ. ನೀವು ಒಳಗೇ ಬಚ್ಚಿಟ್ಟಿದ್ರಲ್ರೀ!" ನಗುತ್ತಲೇ ಅಂದರೂ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರು ತೆಪ್ಪಗೆ ಹೆಂಡತಿಯ ಜೊತೆ ಶಿವಮೊಗ್ಗದ ಬಸ್ಸು ಹತ್ತಿದರು. ಮಾತ್ರೆ ತಗೊಂಡು ಈಗ ಆರಾಮಾಗಿದ್ದಾರಂತೆ.

ಅವತ್ತು ಶಿಬಿರದ ಊಟಕ್ಕೆ ಹೋಳಿಗೆ ಇತ್ತು. ತುಪ್ಪ ಬಡಿಸಲು ಬಂದಾಗ ಕಡ್ಡಿಯಂತಿದ್ದ ಡಾಕ್ಟರೂ ಎಲೆಗೆ ಕೈ ಅಡ್ಡ ಹಿಡಿದರು. ನಾನೂ ಹಿಡಿದೆ, ಬೆರಳ ಸಂದಿಯಲ್ಲಿ ಸ್ವಲ್ಪ ಜಾಗ ಬಿಟ್ಟು.