ಘೆಲ್ಸಪ್ಪಾ ಎಂದರೆ ಯಾವ ಊರು

ಮೊನ್ನೆ ಎದುರು ಮನೆಯ ಗೇಟಿಗೆ ನೀಲಿ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನ್ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ಸೂರತ್ತಿನ ಕತಾರ್‌ಗಾಮ್, ಒಂದು ತಗಡಿನ ಬೋರ್ಡು, ಅದರ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತ ಹೋಟೆಲಿನ ಭಟ್ಟರು... ಇಷ್ಟು ಸಲೀಸಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಬೋರ್ಡಿನ ಬಣ್ಣ ಯಾವುದು ಎಂದು ಕೇಳಿದರೆ ಈಗ ನೀಲಿ ಎನ್ನುತ್ತೇನೆ. ಅದು ಎದುರು ಮನೆಯ ಗೇಟಿನ ಬಣ್ಣವೇ ಇದ್ದೀತು.

ತೊಂಬತ್ತರ ದಶಕದಲ್ಲಿ, ವಿಮಾ ಕಚೇರಿಯಲ್ಲಿದ್ದ ನನಗೆ ಅಲ್ಲಿಗೆ ವರ್ಗವಾಗಿತ್ತು. ಭಟ್ಟರು ಹೊನ್ನಾವರದ ಕಡೆಯ ಗೇರುಸೊಪ್ಪೆಯವರು; ಅವರ ಬಾಯಲ್ಲಿ ಅದು ಗೇರ್ಸಪ್ಪ. ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ ಹೆಸರಿಲ್ಲದ ಸಣ್ಣ ಇಡ್ಲಿ ಹೋಟೆಲು ನಡೆಸುತ್ತಿದ್ದರು. ಕೆಲಸಗಾರರು ಬಾಗಿಲಿನಿಂದಲೇ ಕೂಗುತ್ತಿದ್ದರು: "ಏ ಘೆಲ್ಸಪ್ಪಾ, ಬೇ ಇಡ್ಲಿ ಆಪೋ!" ಎರಡು ಇಡ್ಲಿ ಕೊಡಿ ಎಂದು. ಭಟ್ಟರ ಮುಖ ಅರಳುತ್ತಿತ್ತು.

"ನೋಡಿದ್ಯಾ ತಂಗಿ, ಯಾವತ್ತೋ ಊರು ಯಾವುದು ಕೇಳಿದ್ರು, ಹೇಳಿದ್ದೆ. ಇವತ್ತಿಗೂ ಮರೆತಿಲ್ಲ. ಅವರ ಬಾಯಲ್ಲಿ ಸ್ವಲ್ಪ ತಿರುಚಿದೆ, ಅಷ್ಟೇ. ಬೇರೆ ಕಡೆ ಎಲ್ಲ ನಮ್ಮನ್ನು ಉಡುಪಿಯವ್ರು ಅಂತ್ಲೇ ಕರಿಯೂದು. ಇಲ್ಲೊಂದೇ ನಮ್ಮೂರ ಹೆಸರು ನಡೀತದೆ."

ನಾನೂ ನಂಬಿದ್ದೆ. ಆದರೆ ಕೂಗಿದ ಮೇಲೆ ಅವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದುದು ಯಾಕೆ? ಊರಿನ ಹೆಸರಲ್ಲಿ ನಗುವಂಥದ್ದು ಏನಿದೆ?

ಒಂದು ಬೆಳಿಗ್ಗೆ ನಮ್ಮ ಮನೆಯೊಡತಿ, ಅಲ್ಲಿಯ ರೂಢಿಯಂತೆ ನಾನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದವರು, ತಮ್ಮ ಗಂಡನನ್ನು ಬೈಯುತ್ತಿದ್ದರು. ಆತ ದೇವಸ್ಥಾನದಿಂದ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ. "ಸಾವ ಘೆಲ್ಸಪ್ಪೊ!" ಶುದ್ಧ ಘೆಲ್ಸಪ್ಪೊ ಎಂದು. ನಾನು ಮೆಟ್ಟಿಲ ಮೇಲೇ ನಿಂತೆ. ಅರ್ಥ ಕೇಳಿದೆ. ಘೇಲು ಅಂದರೆ ಹುಚ್ಚು. ಘೆಲ್ಸಪ್ಪೊ ಪೂರ್ತಿ ಹುಚ್ಚನಲ್ಲ. ಪೆದ್ದ, ತಿಕ್ಕಲು, ಬೈಗುಳದಲ್ಲಿ ಅರ್ಧ ಮುದ್ದು. ಎದುರಿಗೇ ಕರೆಯುವಾಗ ಘೆಲ್ಸಪ್ಪಾ. ಹಾಗಾದರೆ ಈ ಸಪ್ಪೊ ಎಲ್ಲಿಂದ ಬಂತು ಎಂದೆ. "ಎ ಕೋನೆ ಖಬರ್!" ಯಾರಿಗೆ ಗೊತ್ತು ಎಂದು ಬೆನ್ ಕೈಯಾಡಿಸಿಬಿಟ್ಟರು.

ಅದೇ ವಾರ ಭಟ್ಟರು ಹೋಟೆಲಿಗೆ ಹೆಸರಿಡಲು ಹೊರಟಿದ್ದರು. ಊರಿನ ಹೆಸರು, ಗುಜರಾತಿ ಅಕ್ಷರದಲ್ಲಿ. ಬೀದಿಯೆಲ್ಲ ನಗುವಂತೆ ಮನುಷ್ಯನೊಬ್ಬ ತನ್ನ ತಲೆಯ ಮೇಲೆ ತಾನೇ ಬೈಗುಳ ತೂಗುಹಾಕಿಕೊಳ್ಳುವುದನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ. ಹೋಗಿ ಹೇಳಿದೆ.

"ಯಾರು ಹೇಳಿದ್ದು?"

"ನಮ್ಮನೆ ಬೆನ್, ಭಟ್ರೇ."

"ಅವ್ರಿಗೆಂತ ಗೊತ್ತು? ನಮ್ಮೂರ ಕಾಳುಮೆಣಸು ಹಿಂದೆ ಹಡಗಲ್ಲಿ ಈ ಸೂರತ್ತಿಗೇ ಬರ್ತಿತ್ತು ಮಾರಾಯ್ತಿ. ತರೂಕೆ ಹೋದ ಸೇಟುಗಳು ಘಟ್ಟದಲ್ಲಿ ದಾರಿ ತಪ್ಪಿ, ತಲೆ ಕೆಟ್ಟು ತಿರುಗಿ ಬಂದಿರ್ತಾರೆ. ಗೇರ್ಸಪ್ಪಕ್ಕೆ ಹೋಗಿ ಬಂದವ ಘೆಲ್ಸಪ್ಪ! ಶಬ್ದ ನಮ್ಮದೇ."

"ಎಲ್ಲಿ ಓದಿದ್ರಿ?"

"ಓದೂದೆಂತಕ್ಕೆ? ಕೂಡಿ ಬರ್ತದಲ್ಲ!"

ಕೂಡಿ ಬರುತ್ತಿತ್ತು, ನಿಜ. ಅದಕ್ಕೇ ನನಗೆ ಅನುಮಾನ. ಆ ಕತೆ ಹಳೆಯದೋ, ನಾನು ಹೇಳಿದ ಗಳಿಗೆಯಲ್ಲೇ ಹುಟ್ಟಿತೋ...

ಮರುದಿನ ಬೋರ್ಡು ಬರೆಯುವವ ಬಂದ. ಕುಂಚ ಎತ್ತಿ ಕೇಳಿದ: ಮೊದಲ ಅಕ್ಷರ ಗ ಇರಲೋ ಘ ಇರಲೋ? ನಡುವೆ ರ ಇರಲೋ ಲ ಇರಲೋ? ನಾವು ಕನ್ನಡದವರು ಘ ಬರೆಯುತ್ತೇವೆ, ಆಡುವಾಗ ಗ ಎಂದೇ ಸಾಗಹಾಕುತ್ತೇವೆ. ಅಲ್ಲಿ ಒಂದು ಊರಿಗೂ ಒಬ್ಬ ಪೆದ್ದನಿಗೂ ನಡುವೆ ಇದ್ದದ್ದು ಅಷ್ಟೇ ಅಂತರ. ಭಟ್ಟರು ನನ್ನತ್ತ ನೋಡಿದರು. ಆಮೇಲೆ ಅವನಿಗೆ ಹೇಳಿದರು: "ಲೋಗ್ ಜೈಸಾ ಬೋಲ್ತಾ ಹೈ, ವೈಸಾ ಲಿಖೋ."

ಜನ ಕರೆದ ಹಾಗೆಯೇ ಬರೆಯಿತು ಕುಂಚ. ಬರೆದವನು ನಗಲಿಲ್ಲ, ಅದೂ ನನಗೆ ಸರಿಕಾಣಲಿಲ್ಲ.

ಕೆಲವು ದಿನ ಬೀದಿಯವರು ಬೋರ್ಡು ನೋಡಲೆಂದೇ ಬಂದು, ಹೊಟ್ಟೆ ಹಿಡಿದು ನಕ್ಕು, ಇಡ್ಲಿ ತಿಂದು ಹೋದರು. ಆಮೇಲೆ ಯಾರೂ ಹೇಳಿಕೊಡದೆ ಆ ಕೂಗು ನಿಂತಿತು. ಅಂಗಡಿಯ ಹೆಸರಾದ ಮೇಲೆ ಅದನ್ನು ಹೇಳಿ ಮನುಷ್ಯನನ್ನು ಕೆಣಕುವುದು ಹೇಗೆ? "ಅಣ್ಣಾ, ಬೇ ಇಡ್ಲಿ" ಎನ್ನತೊಡಗಿದರು. ದಕ್ಷಿಣದಿಂದ ಬಂದ ಹೋಟೆಲಿನವರೆಲ್ಲ ಅಲ್ಲಿ ಅಣ್ಣಾ.

"ನೀ ಹೋಗಿ ಅವ್ರ ಹತ್ರ ಎಂತ ಹೇಳ್ದೆ?" ಎಂದರು ಭಟ್ಟರು ಒಂದು ಸಂಜೆ.

"ನಾನೇನೂ ಹೇಳಿಲ್ಲ."

"ಮತ್ತೆಂತಕ್ಕೆ ಕರಿಯೂದೇ ಬಿಟ್ರು?"

ನನ್ನ ಮಾತನ್ನು ಅವರು ನಂಬಲಿಲ್ಲ. ಅವರಿಗೆ ಅರ್ಥ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ, ದಿನಕ್ಕೊಮ್ಮೆ ಯಾರೋ ಊರನ್ನು ಕೂಗಿದಂತೆ ಕೇಳಿಸುತ್ತದಲ್ಲ ಎಂದು ಸುಮ್ಮನಿದ್ದರೇ? ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಮೆಣಸಿನ ಕತೆ ಬರುತ್ತಿತ್ತು.

ನನಗೆ ವಡೋದರಕ್ಕೆ ವರ್ಗವಾಯಿತು. ಹೇಳಿ ಬರಲು ಹೋದಾಗ "ಅಡ್ಡಿಲ್ಲ, ಹೋಗಿ ಬಾ" ಎಂದರು, ತಲೆಯೆತ್ತದೆ. ಕೆಲವು ವರ್ಷಗಳ ಮೇಲೆ ಅವರು ಅಲ್ಲಿಯೇ ತೀರಿಕೊಂಡರೆಂದು ತಿಳಿಯಿತು.

ಈಗ ನನ್ನ ಸುತ್ತ ಪೆದ್ದರಿಗೇನೂ ಬರವಿಲ್ಲ. ಮಗಳು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾಳೆ. ಆ ಶಬ್ದ ನಾಲಗೆಯ ತುದಿಯವರೆಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ. ಹಾಗೆ ಕೂಗಿದರೆ ತಿರುಗಿ ನೋಡುತ್ತಿದ್ದವರು ಒಬ್ಬರೇ ಇದ್ದರು...